ಕೂಡಿ ಬಾಳುವ ಮನೆಯಲ್ಲಿ ಮಕ್ಕಳ ಆಟದ ಪಡಸಾಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಸಂಸಾರಗಳು ಒಂದೇ ಮಾಳಿಗೆಯ ಕೆಳಗೆ ಕೂಡಿ ಬಾಳುವುದು ಇಂದಿಗೂ ಅಪರೂಪವಲ್ಲ. ಒಲೆಗಳನ್ನು ಬೇರೆ ಹೂಡಿದವರು ಕೂಡ ಅಂಗಳವನ್ನು, ಹಿತ್ತಲನ್ನು, ಪಡಸಾಲೆಯನ್ನು ಹಂಚಿಕೊಂಡಿರುತ್ತಾರೆ. ಇಂತಹ ಮನೆಗಳಲ್ಲಿ ಅಂಬೆಗಾಲಿಡುವ ಎಂಟು ತಿಂಗಳ ಕೂಸು, ಕಂಡದ್ದನ್ನೆಲ್ಲ ಹತ್ತಲು ಹವಣಿಸುವ ಎರಡು ವರ್ಷದ ಮಗು, ಅಂಗನವಾಡಿಗೆ ಹೋಗುವ ನಾಲ್ಕು ವರ್ಷದ ಬಾಲಕ, ಶಾಲೆ ಕಲಿಯುವ ಹತ್ತು ವರ್ಷದ ಬಾಲಕಿ, ಇವರೆಲ್ಲರೂ ಒಂದೇ ನೆಲದ ಮೇಲೆ ಆಡಿ ಬೆಳೆಯುತ್ತಾರೆ. ಹೀಗೆ ಕೂಡಿ ಬೆಳೆಯುವುದು ಭಾಗ್ಯವೇ ಸರಿ. ಆದರೆ ಹಿರಿಯ ಮಗುವಿಗೆ ಆಟದ ಸಾಮಾನಾಗಿರುವ ಗೋಲಿಯು ಕೂಸಿನ ಗಂಟಲಿಗೆ ಮೃತ್ಯುವಾಗಬಲ್ಲದು. ಕೂಸನ್ನು ಎತ್ತಿಕೊಂಡಿರುವ ಕೆಲಸವು ಬಾಲಕಿಯ ಶಾಲೆಯನ್ನೇ ಬಿಡಿಸಬಲ್ಲದು. ಆದುದರಿಂದ ಹಲವು ವಯಸ್ಸಿನ ಮಕ್ಕಳಿಗೆ ಒಂದೇ ಆಟದ ಸ್ಥಳವನ್ನು ಹೇಗೆ ಅಣಿಗೊಳಿಸಬೇಕೆಂಬುದನ್ನು ಪ್ರತಿಯೊಂದು ದಂಪತಿಯೂ ತಿಳಿದಿರುವುದು ಅವಶ್ಯಕ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಯೋಚನೆ ಮತ್ತು ಒಮ್ಮತ ಬೇಕು.

ವಯಸ್ಸು ಬೇರೆ, ಆಟವೂ ಬೇರೆ

ಮಕ್ಕಳ ಬೆಳವಣಿಗೆಯ ಕ್ರಮವನ್ನು ಅರಿತರೆ ಸ್ಥಳದ ವ್ಯವಸ್ಥೆ ತಾನಾಗಿಯೇ ಹೊಳೆಯುತ್ತದೆ. ಆರೇಳು ತಿಂಗಳ ಕೂಸು ಕೈಗೆ ಸಿಕ್ಕ ವಸ್ತುವನ್ನು ಬಾಯಿಗೆ ಒಯ್ಯುತ್ತದೆ. ಅದು ಕೆಟ್ಟ ಚಾಳಿಯಲ್ಲ. ವಸ್ತುವನ್ನು ತಿಳಿಯುವ ಅದರ ಮೊದಲ ದಾರಿ. ಎಂಟು ಹತ್ತು ತಿಂಗಳಿಗೆ ಅದು ತೆವಳತೊಡಗುತ್ತದೆ, ಸುಮಾರು ಒಂದು ವರ್ಷಕ್ಕೆ ಹೆಜ್ಜೆಯಿಡುತ್ತದೆ, ಒಂದೂವರೆ ವರ್ಷ ದಾಟಿದ ಮೇಲೆ ಮೆಟ್ಟಿಲು, ಕಟ್ಟೆ, ನಿಚ್ಚಣಿಕೆ ಯಾವುದನ್ನೂ ಬಿಡುವುದಿಲ್ಲ. ಎರಡು ವರ್ಷದ ಮಗು ಇತರರ ಪಕ್ಕದಲ್ಲಿ ಕುಳಿತು ತನ್ನಷ್ಟಕ್ಕೆ ತಾನು ಆಡುತ್ತದೆ. ಹಂಚಿಕೊಳ್ಳುವುದು ಅದಕ್ಕೆ ಇನ್ನೂ ತಿಳಿಯದು. ಮೂರರಿಂದ ಆರು ವರ್ಷದ ಮಕ್ಕಳು ಅಡುಗೆ ಆಟ, ಸಂತೆಯ ಆಟ, ಮದುವೆಯ ಆಟಗಳಲ್ಲಿ ಮೈಮರೆಯುತ್ತಾರೆ. ಆರು ವರ್ಷ ಮೇಲ್ಪಟ್ಟವರಿಗೆ ನಿಯಮವುಳ್ಳ ಆಟ ಬೇಕು: ಕುಂಟಾಬಿಲ್ಲೆ, ಚೌಕಾಬಾರ, ಬುಗುರಿ, ಚಿಣ್ಣಿದಾಂಡು.

ವಯಸ್ಸು ಬೇರೆಯೆಂದು ಮಕ್ಕಳನ್ನು ಪೂರ್ತಿಯಾಗಿ ಅಗಲಿಸುವುದು ಮಾತ್ರ ಸರಿಯಲ್ಲ. ಚಿಕ್ಕ ಮಗು ಹಿರಿಯರ ಮಾತನ್ನು ಕೇಳಿ ಮಾತು ಕಲಿಯುತ್ತದೆ, ಅವರ ಆಟವನ್ನು ನೋಡಿ ಸರದಿ ಕಾಯುವುದನ್ನು ಕಲಿಯುತ್ತದೆ. ಹಿರಿಯ ಮಗು ಕಿರಿಯರಿಗೆ ತಿಳಿಯ ಹೇಳುತ್ತ ತಾನು ಬಲ್ಲುದನ್ನು ಗಟ್ಟಿ ಮಾಡಿಕೊಳ್ಳುತ್ತದೆ, ತಾಳ್ಮೆಯನ್ನೂ ರೂಢಿಸಿಕೊಳ್ಳುತ್ತದೆ. ಇಂದು ಅನ್ಯರ ನೆರವಿನಿಂದ ಮಾಡುವುದನ್ನು ಮಗು ನಾಳೆ ತಾನೇ ಮಾಡಬಲ್ಲದೆಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ (1896–1934) ವಿವರಿಸಿದ್ದಾರೆ. ಆದ್ದರಿಂದ ಮಕ್ಕಳು ಒಬ್ಬರಿಗೊಬ್ಬರು ಕಾಣುವಂತಿರಬೇಕು, ಕೇಳುವಂತಿರಬೇಕು; ಆದರೆ ಒಬ್ಬರ ಆಟ ಇನ್ನೊಬ್ಬರಿಗೆ ಅಪಾಯವಾಗದಂತಿರಬೇಕು. ಸ್ಥಳ ಒಂದು, ನೆಲೆಗಳು ಮೂರು, ಕಾಯುವ ಕಣ್ಣು ಒಂದು: ಇದೇ ಈ ಲೇಖನದ ಸಾರ.

ಈ ವಿಚಾರ ಬೆಳೆದು ಬಂದ ಬಗೆ

ಹಲವು ಸಂಸಾರಗಳು ಕೂಡಿರುವ ಕಟ್ಟಡದಲ್ಲಿ ಮಕ್ಕಳಿಗಾಗಿ ಒಂದು ಕೋಣೆಯನ್ನು ಮೀಸಲಿಡುವ ವಿಚಾರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಇಟಲಿಯ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಕೂಲಿಕಾರರ ವಸತಿಗೆಂದು ದೊಡ್ಡ ಕಟ್ಟಡಗಳನ್ನು ದುರಸ್ತಿ ಮಾಡಲಾಗಿತ್ತು. ತಂದೆತಾಯಿಗಳು ದುಡಿಯಲು ಹೋದಾಗ ಮಕ್ಕಳು ದಿಕ್ಕಿಲ್ಲದೆ ಅಲೆಯುತ್ತ ಗೋಡೆಗಳನ್ನು ಕೆಡಿಸುತ್ತಿದ್ದರು. ಆ ಕಟ್ಟಡದಲ್ಲಿಯೇ ಒಂದು ಕೋಣೆಯನ್ನು ಬಿಟ್ಟುಕೊಟ್ಟು, ಅದರ ಹೊಣೆಯನ್ನು ವೈದ್ಯೆ ಮರಿಯಾ ಮಾಂಟೆಸ್ಸರಿಯವರಿಗೆ ಒಪ್ಪಿಸಲಾಯಿತು. 1907ರ ಜನವರಿ 6ರಂದು ಅಲ್ಲಿ ಮಕ್ಕಳ ಮನೆ ಆರಂಭವಾಯಿತು. ಬೇರೆಬೇರೆ ವಯಸ್ಸಿನ ಮಕ್ಕಳು ಅಲ್ಲಿ ಒಂದೇ ಕಡೆ ಇದ್ದರು. ಸಾಮಾನುಗಳನ್ನು ಮಕ್ಕಳ ಕೈಗೆಟಕುವ ಎತ್ತರದಲ್ಲಿಡುವುದು, ಪ್ರತಿಯೊಂದಕ್ಕೂ ಗೊತ್ತಾದ ಜಾಗವಿರುವುದು, ಬಳಸಿದವರೇ ತಿರುಗಿ ಇಡುವುದು ಆ ಪದ್ಧತಿಯ ಮುಖ್ಯ ನಿಯಮಗಳಾದವು.

ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅವರು (1892–1973) ಮುಂದೆ 1945ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿಯೂ, ತರುವಾಯ ಕೋಸಬಾಡದಲ್ಲಿಯೂ ಗ್ರಾಮೀಣ ಮತ್ತು ಆದಿವಾಸಿ ಮಕ್ಕಳಿಗಾಗಿ ಕೆಲಸ ಮಾಡಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಅವರು ಶಾಲೆಯನ್ನೇ ಹಾಡಿಗಳ ಅಂಗಳಕ್ಕೆ ಕೊಂಡೊಯ್ದರು. ಅಂಗಳದ ಈ ಶಾಲೆಯೇ ಅಂಗನವಾಡಿಯೆಂಬ ಹೆಸರು ಪಡೆಯಿತು. ಎಳೆಯ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದ ಕಾರಣ ಹಿರಿಯ ಮಕ್ಕಳು ಶಾಲೆ ಬಿಡುವುದನ್ನು ಕಂಡು, ಅವರು ಶಿಶುವಿಹಾರ, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೇ ಸೂರಿನಡಿ ಕೂಡಿಸಿದರು. ಅಕ್ಕನು ಪಾಠಕ್ಕೆ ಕುಳಿತಾಗ ತಮ್ಮನು ಪಕ್ಕದಲ್ಲಿಯೇ ಬೇರೊಬ್ಬರ ಆರೈಕೆಯಲ್ಲಿ ಇರುತ್ತಿದ್ದನು. 1969ರಲ್ಲಿ ಮೀರಾ ಮಹಾದೇವನ್ ಅವರು ದಿಲ್ಲಿಯಲ್ಲಿ ಕಟ್ಟಡ ಕೂಲಿಕಾರರ ಮಕ್ಕಳಿಗಾಗಿ ಕೆಲಸದ ಸ್ಥಳದಲ್ಲಿಯೇ ಶಿಶುವಿಹಾರವನ್ನು ತೆರೆದರು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 33 ಕಡೆ ಆರಂಭವಾದಾಗ, ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ಅದರ ಮೊದಲ ಕ್ಷೇತ್ರವಾಯಿತು.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ತಾಯಂದಿರೊಡನೆ ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಕೂಲಿಕಾರ್ತಿಯನ್ನು ನೇಮಿಸತಕ್ಕದ್ದೆಂದು ವಿಧಿಸಲಾಗಿತ್ತು. 2023–24ನೆಯ ಸಾಲಿನಲ್ಲಿ ನಮ್ಮ ರಾಜ್ಯ ಸರ್ಕಾರವು 4,000 ಗ್ರಾಮ ಪಂಚಾಯತಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿತು. ಈ ಎಲ್ಲ ಪ್ರಯತ್ನಗಳ ಹಿಂದಿರುವ ಅನುಭವವನ್ನು ನೀವು ನಿಮ್ಮ ಪಡಸಾಲೆಗೂ ಅಳವಡಿಸಿಕೊಳ್ಳಬಹುದು.

ಸ್ಥಳದ ಆಯ್ಕೆ

ನಮ್ಮ ಭಾಗದ ಹಳೆಯ ಮನೆಗಳನ್ನು ಅಂಕಣಗಳ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಕಂಬಗಳ ನಡುವಿನ ಈ ಅಂಕಣಗಳು ಸ್ಥಳವನ್ನು ವಿಭಾಗಿಸಲು ಬಹಳ ಅನುಕೂಲ. ಆಟಕ್ಕೆ ಆರಿಸುವ ಪಡಸಾಲೆಯು ಅಡುಗೆಯ ಒಲೆಯಿಂದ, ಬಚ್ಚಲಿನಿಂದ, ದನ ಕಟ್ಟುವ ಸ್ಥಳದಿಂದ ದೂರವಿರಬೇಕು. ಆದರೆ ಕೆಲಸದಲ್ಲಿರುವ ಹಿರಿಯರಿಗೆ ಕುಳಿತಲ್ಲಿಂದಲೇ ಕಾಣುವಂತಿರಬೇಕು. ಬೆಳಕು ಮತ್ತು ಗಾಳಿ ಧಾರಾಳವಾಗಿ ಬರಬೇಕು. ಕತ್ತಲೆಯ ಒಳಕೋಣೆಯಲ್ಲಿ ಮಕ್ಕಳನ್ನು ಕೂಡಿಹಾಕುವುದು ಸಲ್ಲದು. ಒಲೆಯ ಹೊಗೆ ತುಂಬುವ ಕೋಣೆಯೂ ಬೇಡ. ಹೊಗೆಯು ಎಳೆಯ ಮಕ್ಕಳ ಶ್ವಾಸಕೋಶಕ್ಕೆ ಹಾನಿಕರ.

ಸ್ಥಳ ಗೊತ್ತಾದ ಮೇಲೆ, ಮನೆಯ ಹಿರಿಯರೊಬ್ಬರು ನೆಲಕ್ಕೆ ಕುಳಿತು, ತೆವಳುವ ಕೂಸಿನ ಎತ್ತರದಿಂದ ಸುತ್ತಲೂ ನೋಡತಕ್ಕದ್ದು. ನಿಂತವರ ಕಣ್ಣಿಗೆ ಬೀಳದ ಎಷ್ಟೋ ಅಪಾಯಗಳು ಆಗ ಕಾಣುತ್ತವೆ: ಬಾಗಿಲ ಸಂದಿನಲ್ಲಿ ಬಿದ್ದ ಸೂಜಿ, ಕಂಬದ ಬುಡದಲ್ಲಿ ಎದ್ದ ಮೊಳೆ, ಗೋಡೆಯ ಕೆಳಭಾಗದಲ್ಲಿರುವ ವಿದ್ಯುತ್ ಸಾಕೆಟ್, ಚಾಪೆಯ ಕೆಳಗೆ ಸೇರಿದ ಶೇಂಗಾ ಕಾಳು.

ಮೂರು ನೆಲೆಗಳು

ಹದಿನಾರು ಅಡಿ ಉದ್ದ, ಹತ್ತು ಅಡಿ ಅಗಲದ ಪಡಸಾಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಿಮ್ಮದು ಇದಕ್ಕಿಂತ ಚಿಕ್ಕದಿದ್ದರೂ ಕ್ರಮ ಇದೇ.

ಮೊದಲನೆಯದು ಕೂಸಿನ ಮೂಲೆ. ಬಾಗಿಲಿಗೂ ಮೆಟ್ಟಿಲಿಗೂ ದೂರವಾದ ಮೂಲೆಯಲ್ಲಿ ಆರು ಅಡಿಗೆ ಐದು ಅಡಿಯಷ್ಟು ಜಾಗವನ್ನು ಎರಡೂವರೆ ಅಡಿ ಎತ್ತರದ ಮರದ ಕಟಾಂಜನದಿಂದ ಬೇರ್ಪಡಿಸಬೇಕು. ಕಟಾಂಜನದ ಪಟ್ಟಿಗಳು ನೆಟ್ಟಗೆ ನಿಂತಿರಬೇಕು. ಅಡ್ಡಪಟ್ಟಿಗಳಿದ್ದರೆ ಮಗು ಅವನ್ನೇ ಮೆಟ್ಟಿಲಾಗಿಸಿ ಹತ್ತುತ್ತದೆ. ಪಟ್ಟಿಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಕೂಸಿನ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಭಯವಿದೆ. ಒಳಗೆ ನೆಲದ ಮೇಲೆ ಕೌದಿಯನ್ನು ಬಿಗಿಯಾಗಿ ಹಾಸಿ, ವಾರಕ್ಕೊಮ್ಮೆಯಾದರೂ ಒಗೆದು ಬಿಸಿಲಿಗೆ ಹಾಕಬೇಕು. ಕೂಸು ಎಚ್ಚರವಾಗಿರುವಾಗ ದಿನದಲ್ಲಿ ಒಟ್ಟು ಅರ್ಧ ಗಂಟೆಯಾದರೂ ಬೋರಲಾಗಿ ಮಲಗಿ ಆಡುವುದು ಹಿತವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ. ಮಲಗಿಸುವಾಗ ಮಾತ್ರ ಅಂಗಾತ ಮಲಗಿಸಬೇಕು. ಕೂಸನ್ನು ದಿನವಿಡೀ ಈ ಮೂಲೆಯಲ್ಲಿಯೇ ಬಿಡಬಾರದು. ಹಿರಿಯರು ಕ್ಷಣಕಾಲ ಕೈಬಿಡುವಾಗ ರಕ್ಷಣೆಯಾಗಲೆಂದು ಇರುವ ಜಾಗವಿದು, ಬಂದೀಖಾನೆಯಲ್ಲ.

ಎರಡನೆಯದು ನಡುವಿನ ಬಯಲು. ಒಂದೂವರೆಯಿಂದ ಆರು ವರ್ಷದ ಮಕ್ಕಳು ಓಡಲು, ಬೀಳಲು, ಕುಣಿಯಲು ಪಡಸಾಲೆಯ ಮಧ್ಯಭಾಗವನ್ನು ಬರಿದಾಗಿ ಬಿಡಬೇಕು. ಒಂದರಿಂದ ನಾಲ್ಕು ವರ್ಷದ ಮಗುವಿಗೆ ದಿನಕ್ಕೆ ಒಟ್ಟು ಮೂರು ಗಂಟೆಗಳಷ್ಟಾದರೂ ಮೈ ಆಡಿಸುವ ಆಟ ಬೇಕು. ಪಾತ್ರೆ, ಚೀಲ, ನೇಗಿಲಿನ ಸಾಮಾನುಗಳನ್ನು ಇಲ್ಲಿ ಒಟ್ಟಬಾರದು. ಫರಸಿಯ ನೆಲವಾದರೆ ನೀರು ಚೆಲ್ಲಿದೊಡನೆ ಒರೆಸಬೇಕು. ಗೋಡೆಯ ಕೆಳಗಿನ ಎರಡು ಅಡಿಯಷ್ಟಕ್ಕೆ ಕಪ್ಪು ಬಣ್ಣ ಬಳಿದರೆ ಮಕ್ಕಳು ಅದರ ಮೇಲೆ ಸೀಮೆಸುಣ್ಣದಿಂದ ಬರೆಯಬಹುದು. ಮಿಕ್ಕ ಗೋಡೆ ಸ್ವಚ್ಛವಾಗಿ ಉಳಿಯುತ್ತದೆ. ಬಣ್ಣ ಕೊಳ್ಳುವಾಗ ಸೀಸ ಬೆರೆಯದ ಬಣ್ಣವೆಂದು ಖಚಿತಪಡಿಸಿಕೊಳ್ಳಬೇಕು. ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುತ್ತದೆ.

ಮೂರನೆಯದು ಹಿರಿಯ ಮಕ್ಕಳ ಕಟ್ಟೆ. ಕೂಸಿನ ಮೂಲೆಗೆ ಎದುರಿನ ಗೋಡೆಗುಂಟ ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕಟ್ಟೆಯೋ ಹಲಗೆಯ ಮಂಚವೋ ಇದ್ದರೆ, ಶಾಲೆಯ ಮಕ್ಕಳು ಅಲ್ಲಿ ಓದಿಕೊಳ್ಳಬಹುದು. ಚೌಕಾಬಾರ, ಅಳಿಗುಳಿಮಣೆಯನ್ನು ಆಡಬಹುದು. ಕಿರಿಯರು ಬಂದು ಆಟ ಕೆಡಿಸಿದರೆಂಬ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಕವಡೆ, ಹುಣಸೆ ಬೀಜ, ಗಜ್ಜುಗ, ಗೋಲಿ ಇವುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಆಟ ಮುಗಿದೊಡನೆ ನಾಗಂದಿಗೆಯ ಮೇಲೆ ಇಡುವುದು ಕಡ್ಡಾಯ. ಎಷ್ಟು ಕಾಯಿಗಳನ್ನು ಇಳಿಸಿದ್ದರೋ ಅಷ್ಟನ್ನೂ ಎಣಿಸಿಯೇ ಮೇಲಿಡಬೇಕು. ಎಣಿಕೆಯೂ ಒಂದು ಆಟವಾಗುತ್ತದೆ, ಕೂಸಿನ ಪ್ರಾಣವೂ ಉಳಿಯುತ್ತದೆ.

ಸಾಮಾನುಗಳನ್ನು ಇಡುವ ಎತ್ತರವೇ ಮಕ್ಕಳಿಗೆ ನಿಯಮವನ್ನು ಕಲಿಸುವಂತಿರಬೇಕು. ಎಲ್ಲರೂ ಮುಟ್ಟಬಹುದಾದವು ನೆಲದ ಬುಟ್ಟಿಯಲ್ಲಿ, ಮೂರು ವರ್ಷ ದಾಟಿದವರವು ಗೋಡೆಯ ಮಾಡದಲ್ಲಿ, ಶಾಲೆಯ ಮಕ್ಕಳವು ನಾಗಂದಿಗೆಯ ಮೇಲೆ. ಪಾಟಿ ಪುಸ್ತಕದ ಚೀಲಗಳಿಗೆ ಗೋಡೆಯಲ್ಲಿ ಗೂಟಗಳಿರಲಿ.

ಯಾವ ಆಟದ ಸಾಮಾನು?

ಪೇಟೆಯ ದುಬಾರಿ ಆಟಿಕೆಗಳೇ ಬೇಕೆಂಬುದು ತಪ್ಪು ಕಲ್ಪನೆ. ಕೂಸಿಗೆ ಬಿದಿರಿನ ಬುಟ್ಟಿ, ಬಟ್ಟೆಯ ಚೆಂಡು, ನಯವಾದ ಮರದ ಸೌಟು ಸಾಕು. ಎರಡು ಮೂರು ವರ್ಷದವರಿಗೆ ಸೇರು, ಪಾವುಗಳಂತಹ ಅಳತೆಯ ಪಾತ್ರೆಗಳು, ಒಂದರೊಳಗೊಂದು ಕೂಡುವ ಡಬ್ಬಿಗಳು ಸಂತೋಷ ಕೊಡುತ್ತವೆ. ನಮ್ಮಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಮಾಡುವ ಎರೆಮಣ್ಣು ವರ್ಷವಿಡೀ ಆಟಕ್ಕೆ ಒದಗಬಲ್ಲದು. ಒಂದೇ ಮಣ್ಣಿನ ಮುದ್ದೆಯನ್ನು ಮೂರು ವರ್ಷದ ಮಗು ಹಿಸುಕುತ್ತದೆ, ಐದು ವರ್ಷದ್ದು ರೊಟ್ಟಿ ಬಡಿಯುತ್ತದೆ, ಹತ್ತು ವರ್ಷದ್ದು ಕೋಡು ಇಣಿ ಸಹಿತ ಎತ್ತನ್ನು ನಿಲ್ಲಿಸುತ್ತದೆ. ಎಲ್ಲ ವಯಸ್ಸಿನವರೂ ಕೂಡಿ ಆಡಲು ಇದಕ್ಕಿಂತ ಒಳ್ಳೆಯ ಸಾಮಾನು ದೊರೆಯುವುದು ಕಷ್ಟ. ಆಡಿದ ಮೇಲೆ ಸಾಬೂನಿನಿಂದ ಕೈ ತೊಳೆಯಿಸಬೇಕೆಂಬುದನ್ನು ಮರೆಯಬಾರದು. ಜೋಳದ ದಂಟಿನ ಬೆಂಡಿನಿಂದ ಬಂಡಿ ಮಾಡುವ ಕಲೆಯನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಕಲಿಸಲಿ. ದಂಟಿನ ಹರಿತವಾದ ಸಿಪ್ಪೆಯನ್ನು ಮಾತ್ರ ತಾವೇ ಸುಲಿದು ದೂರ ಎಸೆಯಲಿ.

ಮೊಬೈಲ್ ಫೋನನ್ನು ಆಟದ ಸಾಮಾನೆಂದು ತಿಳಿಯಬಾರದು. ಒಂದು ವರ್ಷದೊಳಗಿನ ಕೂಸಿಗೆ ಪರದೆಯ ನೋಟ ಸರ್ವಥಾ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ.

ಎಚ್ಚರ ವಹಿಸಬೇಕಾದ ಅಪಾಯಗಳು

ಒಂದೂಕಾಲು ಅಂಗುಲ ಅಗಲದ ಕೊಳವೆಯಲ್ಲಿ ತೂರಿ ಹೋಗುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಗೊಡಬಾರದು. ಇಡಿಯ ಶೇಂಗಾ, ಪುಠಾಣಿ, ಅಡಿಕೆ ಚೂರುಗಳೂ ಇದರಲ್ಲಿ ಸೇರಿವೆ. ಓಡುತ್ತ, ನಗುತ್ತ ತಿನ್ನುವ ಅಭ್ಯಾಸವನ್ನು ಎಲ್ಲ ಮಕ್ಕಳಿಗೂ ಬಿಡಿಸಬೇಕು. ಬೆಳಕು ಬೀರುವ, ಸದ್ದು ಮಾಡುವ ಅಗ್ಗದ ಆಟಿಕೆಗಳಲ್ಲಿ ಗುಂಡಿಯಾಕಾರದ ಚಪ್ಪಟೆ ಬ್ಯಾಟರಿ ಇರುತ್ತದೆ. ಅದನ್ನು ನುಂಗಿದರೆ ಎರಡೇ ಗಂಟೆಗಳೊಳಗೆ ಅನ್ನನಾಳ ಸುಟ್ಟು ಹೋಗಬಹುದು. ಮಗು ನುಂಗಿದೆಯೆಂಬ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಕೊಡ, ಬಾನಿ, ಡ್ರಮ್ಮುಗಳಲ್ಲಿ ನೀರು ತುಂಬಿಡುವ ಮನೆಗಳಲ್ಲಿ ಮುಚ್ಚಳ ಭದ್ರವಾಗಿರಬೇಕು. ಬಕೆಟಿನ ತಳದಲ್ಲಿರುವ ನಾಲ್ಕು ಬೆರಳು ನೀರಿನಲ್ಲಿಯೂ ತಲೆಕೆಳಗಾಗಿ ಬಿದ್ದ ಕೂಸು ಉಳಿಯಲಾರದು, ಕೂಗಲೂ ಆರದು. ಹಳೆಯ ಮನೆಗಳಲ್ಲಿ ಕಾಳು ತುಂಬುವ ಹಗೇವುಗಳಿದ್ದರೆ ಅವುಗಳ ಬಾಯಿಗೆ ಕಲ್ಲಿನ ಮುಚ್ಚಳವಿರಲಿ. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಉಸಿರುಗಟ್ಟಿಸುವ ಗಾಳಿಯೂ ಇರುತ್ತದೆ. ಮಾಳಿಗೆಗೆ ಹೋಗುವ ನಿಚ್ಚಣಿಕೆಯನ್ನು ಬಳಸಿದ ಮೇಲೆ ಎತ್ತಿಡಬೇಕು. ಗಾಳಿಪಟ ಹಾರಿಸಲು ಮಾಳಿಗೆ ಏರುವ ಹುಡುಗರು ಬೆಳಕಿಂಡಿಯ ಮೇಲೆ ಕಾಲಿಡದಂತೆ ಅದಕ್ಕೆ ಕಬ್ಬಿಣದ ಜಾಳಿಗೆ ಹಾಕಿಸಬೇಕು. ಹತ್ತಿಗೂ ತರಕಾರಿಗೂ ಹೊಡೆಯುವ ಔಷಧಿಯನ್ನು, ಅದರ ಖಾಲಿ ಬಾಟಲಿಯನ್ನು ಸಹ, ಪಡಸಾಲೆಯ ಹತ್ತಿರ ತರಲೇಬಾರದು.

ಮನೆಯ ಅಜ್ಜಿಯ ಎಲೆಯಡಿಕೆಯ ಸಂಚಿಯ ಬಗ್ಗೆಯೂ ಒಂದು ಮಾತು. ಸುಣ್ಣದ ಡಬ್ಬಿಯನ್ನೋ ಪೊಟ್ಟಣವನ್ನೋ ಮಗು ಹಿಸುಕಿದಾಗ ಸುಣ್ಣವು ಕಣ್ಣಿಗೆ ಸಿಡಿದು ದೃಷ್ಟಿಯೇ ಹೋಗಬಹುದು. ಹಾಗಾದರೆ ಕಣ್ಣನ್ನು ಉಜ್ಜದೆ, ಶುದ್ಧವಾದ ನೀರನ್ನು ಹದಿನೈದು ಇಪ್ಪತ್ತು ನಿಮಿಷಗಳವರೆಗೆ ಎಡೆಬಿಡದೆ ಸುರಿಯುತ್ತ ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಗಂಟಲಲ್ಲಿ ವಸ್ತು ಸಿಕ್ಕಿದ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ಕೆಮ್ಮಲೂ ಅಳಲೂ ಆಗದಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ತಲೆ ಕೆಳಗಾಗುವಂತೆ ಬೋರಲು ಹಿಡಿದು, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಡಿಯಿರಿ. ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳುಗಳಿಂದ ಐದು ಸಲ ಒತ್ತಿರಿ. ಒಂದು ವರ್ಷ ದಾಟಿದ ಮಗುವಾದರೆ, ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಸಲ ಬಡಿದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳದ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿರಿ. ವಸ್ತು ಹೊರಬರುವವರೆಗೆ ಇದನ್ನೇ ಸರದಿಯಂತೆ ಮಾಡುತ್ತಿರಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಬಾರದು. ಅದು ಇನ್ನೂ ಆಳಕ್ಕೆ ಇಳಿದೀತು. ಇಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕಾಯುವ ಕಣ್ಣು ಯಾರದು?

ಇಲ್ಲಿಯವರೆಗೆ ಹೇಳಿದ ಕಟಾಂಜನ, ಕಟ್ಟೆ, ನಾಗಂದಿಗೆಗಳೆಲ್ಲವೂ ಸಹಾಯಕ ಸಾಧನಗಳು ಮಾತ್ರ. ದೊಡ್ಡ ಮನೆಯಲ್ಲಿ ‘ಎಲ್ಲರೂ ಇದ್ದಾರೆ, ಯಾರಾದರೂ ನೋಡಿಕೊಳ್ಳುತ್ತಾರೆ’ ಎಂಬ ಭಾವನೆಯೇ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಅಪಾಯ. ಎಲ್ಲರ ಕೂಸು ಯಾರೂ ನೋಡದ ಕೂಸಾಗಬಾರದು. ಆದುದರಿಂದ ಒಂದೊಂದು ಹೊತ್ತಿಗೂ ಒಬ್ಬ ಹಿರಿಯರನ್ನು ಹೆಸರು ಹಿಡಿದು ನೇಮಿಸಬೇಕು. ಬೆಳಿಗ್ಗೆ ಅಡುಗೆಯ ಹೊತ್ತಿನಲ್ಲಿ ಅಜ್ಜಿ, ಮಧ್ಯಾಹ್ನ ಅತ್ತೆಯೋ ಚಿಕ್ಕಮ್ಮನೋ, ಸಂಜೆ ಹೊಲದಿಂದ ಮರಳಿದ ತಂದೆ ಅಥವಾ ಕಾಕಾ, ಹೀಗೆ ಸರದಿ ಗೊತ್ತಾಗಿರಲಿ. ಸರದಿ ಬದಲಾಗುವಾಗ ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ವಯಸ್ಸಾದ ಹಿರಿಯರೊಬ್ಬರ ಮೇಲೆಯೇ ಓಡಾಡುವ ಐದಾರು ಮಕ್ಕಳ ಭಾರವನ್ನು ಹೊರಿಸುವುದು ನ್ಯಾಯವಲ್ಲ.

ಗಂಡಸರಿಗೆ ಇಲ್ಲಿ ವಿಶೇಷವಾದ ವಿನಂತಿಯಿದೆ. ಮಕ್ಕಳನ್ನು ಆಡಿಸುವುದು ಹೆಂಗಸರ ಕೆಲಸವೆಂದು ದೂರ ಸರಿಯಬೇಡಿರಿ. ದಿನಕ್ಕೆ ಒಂದು ಗಂಟೆ ನೀವು ಮಕ್ಕಳೊಡನೆ ನೆಲಕ್ಕೆ ಕುಳಿತರೆ ನಿಮ್ಮ ಪತ್ನಿಗೆ ವಿಶ್ರಾಂತಿ ದೊರೆಯುತ್ತದೆ, ಮಕ್ಕಳಿಗೆ ತಂದೆ ದೊರೆಯುತ್ತಾನೆ.

ಹಿರಿಯ ಮಗುವನ್ನು, ಅದರಲ್ಲಿಯೂ ಹಿರಿಯ ಮಗಳನ್ನು, ಮನೆಯ ದಾದಿಯಾಗಿ ಮಾಡಬಾರದು. ತಮ್ಮನೊಡನೆ ಆಡುವುದು ಬೇರೆ, ತಮ್ಮನ ಹೊಣೆಯನ್ನು ಹೊರುವುದು ಬೇರೆ. ಎಂಟು ಹತ್ತು ವರ್ಷದ ಬಾಲಕಿಗೆ ತನ್ನದೇ ಆದ ಆಟ, ಓದು, ಗೆಳತಿಯರು ಇರಬೇಕು. ಅವಳ ಸೊಂಟದ ಮೇಲೆ ಸದಾ ಒಂದು ಕೂಸು ಕುಳಿತಿದ್ದರೆ ಮೊದಲು ಆಟ ನಿಲ್ಲುತ್ತದೆ, ಆಮೇಲೆ ಶಾಲೆ ನಿಲ್ಲುತ್ತದೆ, ಶಾಲೆ ನಿಂತ ಹುಡುಗಿಗೆ ಮದುವೆಯ ಮಾತು ಬೇಗನೆ ಬರುತ್ತದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣವು ಹಕ್ಕೆಂದು 2009ರ ಕಾಯ್ದೆ ಸಾರಿದೆ. ಶಾಲೆಯ ಹೊತ್ತಿನಲ್ಲಿ ಕೂಸನ್ನು ನೋಡಲು ಬೇರೆ ಏರ್ಪಾಡು ಮಾಡುವುದು ತಂದೆತಾಯಿಗಳ ಕರ್ತವ್ಯ. ತಾರಾಬಾಯಿಯವರು ಕಂಡುಕೊಂಡ ಉಪಾಯವನ್ನು ಇಲ್ಲಿ ನೆನೆಯಿರಿ: ಕೂಸಿಗೊಂದು ಜಾಗ ಸಿಕ್ಕರೆ ಅಕ್ಕನಿಗೆ ಶಾಲೆ ಸಿಗುತ್ತದೆ.

ಮಕ್ಕಳ ನಡುವಿನ ಅಂತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಎರಡು ವರ್ಷವಾದರೂ ಕಳೆಯಲೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ನೀಡಿದೆ. ಹೀಗೆ ಸುಮಾರು ಮೂರು ವರ್ಷದ ಅಂತರವಿದ್ದರೆ, ಎರಡನೆಯ ಕೂಸು ಮೂಲೆಯ ಕೌದಿಗೆ ಬರುವ ಹೊತ್ತಿಗೆ ಮೊದಲನೆಯದು ನಡುವಿನ ಬಯಲನ್ನು ಸೇರಿರುತ್ತದೆ, ಅಂಗನವಾಡಿಗೂ ಹೋಗತೊಡಗಿರುತ್ತದೆ. ತಾಯಿಯ ಮೈಯೂ ಚೇತರಿಸಿಕೊಂಡಿರುತ್ತದೆ.

ಓಣಿಯಲ್ಲಿ, ಆಪತ್ತಿನಲ್ಲಿ

ಚಿಕ್ಕ ಮನೆಗಳವರು ನಿರಾಶರಾಗಬೇಕಿಲ್ಲ. ನಾಲ್ಕೈದು ಮನೆಗಳವರು ಸೇರಿ ಒಂದು ಪಡಸಾಲೆಯನ್ನೋ ಸಮುದಾಯ ಭವನದ ಒಂದು ಭಾಗವನ್ನೋ ಗೊತ್ತುಪಡಿಸಬಹುದು. ಅಲ್ಲಿ ಜಾತಿ, ಅಂತಸ್ತುಗಳ ಗೋಡೆ ಏಳಬಾರದು. ನಡೆಯಲಾಗದ, ಕಾಣದ, ಕೇಳದ ಮಗುವಿಗೂ ಅಲ್ಲಿ ಸಮನಾದ ಜಾಗವಿರಬೇಕು.

2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆಯು ಉಕ್ಕಿ ಬಂದಾಗ ರಾಮದುರ್ಗ, ಮುನವಳ್ಳಿಗಳ ಕಡೆಯ ಎಷ್ಟೋ ಸಂಸಾರಗಳು ಮನೆ ತೊರೆಯಬೇಕಾಯಿತು. ಇಂತಹ ಸಮಯದಲ್ಲಿ ಪರಿಹಾರ ಕೇಂದ್ರದ ಒಂದು ಕೋಣೆಯನ್ನು ಮೊದಲ ದಿನವೇ ಮಕ್ಕಳಿಗೆ ಮೀಸಲಿಟ್ಟು, ಹಗ್ಗವನ್ನೋ ಪೆಟ್ಟಿಗೆಗಳನ್ನೋ ಅಡ್ಡವಿಟ್ಟು ಇದೇ ಮೂರು ನೆಲೆಗಳನ್ನು ಮಾಡಿಕೊಳ್ಳಬಹುದು. ಮನೆ ಮುಳುಗಿದುದನ್ನು ಕಂಡ ಮಗುವಿಗೆ ಅನ್ನ, ಔಷಧಿಗಳಷ್ಟೇ ಆಟವೂ ಅವಶ್ಯಕ.

ದಂಪತಿಗಳೇ, ಮುಂದಿನ ಅಮಾವಾಸ್ಯೆಯ ಬಿಡುವಿನ ದಿನ ಮನೆಯವರೆಲ್ಲರೂ ಕುಳಿತು ಈ ವಿಷಯವನ್ನು ಮಾತನಾಡಿರಿ. ಮೂಲೆ ಯಾವುದು, ಕಟ್ಟೆ ಯಾವುದು, ಯಾವ ಹೊತ್ತಿಗೆ ಯಾರ ಸರದಿ ಎಂಬುದನ್ನು ಗೊತ್ತುಮಾಡಿರಿ. ಸಂದೇಹವಿದ್ದಲ್ಲಿ ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು, ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕೇಳಿರಿ. ಪಡಸಾಲೆಯ ಒಂದು ಭಾಗವನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ನಷ್ಟವಾಗುವುದು ನಾಲ್ಕು ಜೋಳದ ಚೀಲಗಳನ್ನಿಡುವ ಜಾಗ ಮಾತ್ರ. ಆ ಚೀಲಗಳನ್ನು ಬೇರೆ ಕಡೆ ಒಟ್ಟಬಹುದು.